ನೋಯದ ಕಣ್ಣಿನ ರೋಗ

ಕಣ್ಣು ಕೆಂಪಾದರೆ ಗಾಬರಿಗೊಳ್ಳುತ್ತೇವೆ. ನೋವು ಬಂದರೆ ಅಪರಾತ್ರಿಯಲ್ಲಾದರೂ ವೈದ್ಯರ ಬಾಗಿಲನ್ನು ತಟ್ಟುತ್ತೇವೆ. ಆದರೆ ಕೆಂಪೇರದೆ, ನೋವನ್ನೂ ತೋರದೆ ದೃಷ್ಟಿಯನ್ನು ಸವೆಯಿಸುವ ರೋಗವೊಂದುಂಟು. ವೈದ್ಯರು ಅದನ್ನು ಇಂಟರ್ಮೀಡಿಯೆಟ್ ಯುವಿಯೈಟಿಸ್ ಎನ್ನುತ್ತಾರೆ. ಕಣ್ಣಿನ ನಡುಭಾಗದ ಉರಿಯೂತವೆಂದು ನಾವು ಕರೆಯಬಹುದು.

ಕಣ್ಣುಗುಡ್ಡೆಯ ಮೂರು ಪದರಗಳಲ್ಲಿ ನಡುವಣದು, ರಕ್ತನಾಳಗಳಿಂದ ತುಂಬಿದ್ದು, ಯುವಿಯಾ. ಮಸೂರದ ಹಿಂದೆ ಗುಡ್ಡೆಯನ್ನು ತುಂಬಿರುವುದು ಗಾಜಿನಂತೆ ತಿಳಿಯಾದ ಒಂದು ಲೋಳೆ. ಈ ರೋಗದಲ್ಲಿ ಉರಿಯೂತವು ಮುಖ್ಯವಾಗಿ ಆ ಲೋಳೆಯಲ್ಲಿ ನೆಲಸುತ್ತದೆ. ಬಿಳಿಯ ರಕ್ತಕಣಗಳು ಸೇರಿ ತಿಳಿಯನ್ನು ಕದಡುತ್ತವೆ. ಕೆಲವು ಮುದ್ದೆಗಟ್ಟಿ ಹಿಮದ ಉಂಡೆಗಳಂತೆ ತೋರುತ್ತವೆ. ರೋಗಿಗೆ ಕಾಣುವುದಾದರೋ ಸೊಳ್ಳೆ ಹಾರಿದಂಥ ಚುಕ್ಕೆಗಳು, ದಾರದ ಎಳೆಗಳು, ತೆಳುವಾದ ಮಂಜು, ಇಷ್ಟೇ. ಚುಕ್ಕೆ ಕಂಡವರಿಗೆಲ್ಲ ಈ ರೋಗವಿದೆಯೆಂದಲ್ಲ. ಅವು ಹೊಸದಾಗಿ ತೋರಿದರೆ, ಇಲ್ಲವೆ ಹೆಚ್ಚಿದರೆ, ಪರೀಕ್ಷೆ ಅವಶ್ಯ.

ಈ ರೋಗವು ಹೆಚ್ಚಾಗಿ ಮಕ್ಕಳನ್ನೂ ತರುಣರನ್ನೂ, ಬಹುಮಟ್ಟಿಗೆ ಎರಡು ಕಣ್ಣುಗಳನ್ನೂ ಹಿಡಿಯುತ್ತದೆ. ಹಲಗೆಯ ಬರಹ ಕಾಣದೆನ್ನುವ ಹುಡುಗನನ್ನು ಸೋಮಾರಿಯೆಂದು ಗದರಿಸುವುದು ಉಪಾಧ್ಯಾಯರಾದ ನಮಗೆ ಸುಲಭ. ಎಳೆಯ ಮಗುವಂತೂ ತನ್ನ ದೃಷ್ಟಿ ಕುಂದಿತೆಂಬುದನ್ನೇ ಅರಿಯದೆ, ಲೋಕವೇ ಹೀಗೆಂದು ಸುಮ್ಮನಿದ್ದೀತು.

ರೋಗದ ನೆಲೆ ಒಳಗಣ್ಣಿನ ಅಂಚಿನ ಬಳಿಯಿರುವುದರಿಂದ ಹಿಂದೆ ಅದನ್ನು ಕಾಣುವುದೇ ದುಸ್ತರವಾಗಿತ್ತು. ತಲೆಗೆ ಧರಿಸಿ ಎರಡು ಕಣ್ಣುಗಳಿಂದಲೂ ನೋಡಬಹುದಾದ ಉಪಕರಣವನ್ನು ರೂಪಿಸಿದ ಬೆಲ್ಜಿಯಂ ದೇಶದ ಚಾರ್ಲ್ಸ್ ಶೆಪೆನ್ಸರು 1950ರಲ್ಲಿ ಈ ಅಂಚಿನ ಉರಿಯೂತವನ್ನು ವಿವರಿಸಿದರು. ಇಂದು ತಜ್ಞರು ಪಾಪೆಯನ್ನು ಹಿಗ್ಗಿಸಿ ಅದನ್ನು ನೋಡಬಲ್ಲರು. ನಾವು ಅವರ ಬಳಿಗೆ ಹೋಗಬೇಕಷ್ಟೆ.

ಅಲಕ್ಷಿಸಿದರೆ ಅಕ್ಷಿಪಟದ ನಟ್ಟನಡುವೆ ನೀರು ತುಂಬಿ ಊತವುಂಟಾಗುತ್ತದೆ. ದೃಷ್ಟಿನಷ್ಟಕ್ಕೆ ಮುಖ್ಯ ಕಾರಣ ಇದೇ. ಪೊರೆ ಬೆಳೆಯಬಹುದು, ಕಣ್ಣಿನ ಒತ್ತಡವೂ ಏರಬಹುದು.

ಕಾರಣವೇನೆಂದರೆ, ಅನೇಕರಲ್ಲಿ ಅದು ದೊರೆಯುವುದೇ ಇಲ್ಲ. ಕೆಲವರಲ್ಲಿ ಕ್ಷಯ, ಸಾರ್ಕಾಯ್ಡೋಸಿಸ್ ಅಥವಾ ನರಮಂಡಲದ ಮಲ್ಟಿಪಲ್ ಸ್ಕ್ಲೆರೋಸಿಸ್ ಇದರ ಹಿಂದಿರುವುದುಂಟು. ಕಣ್ಣಿನ ಕಾಯಿಲೆಗೆ ಎದೆಯ ಕ್ಷಕಿರಣ ಚಿತ್ರವೇಕೆಂದು ನಾವು ಬೇಸರಿಸಬಾರದು. ಚಿಕಿತ್ಸೆಯ ಮೊದಲ ಆಯುಧವಾದ ಸ್ಟೀರಾಯ್ಡು ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುತ್ತದೆ. ನಮ್ಮ ನಾಡಿನಲ್ಲಿ ಸಾಮಾನ್ಯವಾದ ಕ್ಷಯವು ಒಳಗೆ ಅಡಗಿದ್ದರೆ ಅದರಿಂದ ಕೆರಳೀತು.

ಸ್ಟೀರಾಯ್ಡನ್ನು ಕಣ್ಣಿನ ಬಳಿ ಚುಚ್ಚುಮದ್ದಾಗಿಯೋ ಗುಳಿಗೆಯಾಗಿಯೋ ಕೊಡುತ್ತಾರೆ. ಅದು ಸಾಲದಿದ್ದಲ್ಲಿ ಮೆಥೋಟ್ರೆಕ್ಸೇಟ್ ಮೊದಲಾದವುಂಟು. ಸೋಂಕಿನಿಂದ ಬಾರದ ಉರಿಯೂತಕ್ಕೆ ಅಡಲಿಮುಮ್ಯಾಬ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕೆಯಲ್ಲಿ ಸಮ್ಮತಿ ದೊರೆಯಿತು. ಸ್ಟೀರಾಯ್ಡಿನಿಂದಲೇ ಪೊರೆಯೂ ಒತ್ತಡವೂ ಬರಬಹುದಾದ್ದರಿಂದ ಅದನ್ನು ನಾವಾಗಿಯೇ ಮುಂದುವರಿಸುವುದೂ ಸಲ್ಲದು, ಥಟ್ಟನೆ ಬಿಡುವುದೂ ಸಲ್ಲದು. ರೋಗವು ವರ್ಷಗಟ್ಟಲೆ ಅಡಗುತ್ತ ಮರಳುತ್ತ ಇರುವುದರಿಂದ, ಸುಖವಾಗಿದ್ದಾಗಲೂ ಪರೀಕ್ಷೆ ತಪ್ಪಬಾರದು.

ಮನೆಯಲ್ಲಿ ಮಾಡತಕ್ಕದ್ದೊಂದುಂಟು. ಆಗಾಗ ಮಕ್ಕಳ ಒಂದೊಂದೇ ಕಣ್ಣನ್ನು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸೋಣ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮರೆಸುತ್ತದೆ. ನೋವಿಲ್ಲವೆಂಬುದು ಆರೋಗ್ಯಕ್ಕೆ ಸಾಕ್ಷಿಯಲ್ಲ.