ಹಫ್ತಾ ಕೊಟ್ಟವನ ಕಥೆ ಯಾರು ಹೇಳಬೇಕು?



1863ರಲ್ಲಿ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಒಂದು ನಾಟಕ ರಂಗಕ್ಕೆ ಬಂತು. ರಿಜೋತ್ತೊ ಮತ್ತು ಮೋಸ್ಕಾ ಎಂಬಿಬ್ಬರು ಬರೆದದ್ದು. ಊರಿನ ವಿಕಾರಿಯಾ ಜೈಲಿನ ಮಾಫಿಯಾ ಕೈದಿಗಳೇ ಅದರ ಪಾತ್ರಗಳು. ಅವರಿಗೊಬ್ಬ ನಾಯಕ, ಅವರದೇ ಕಟ್ಟುಪಾಡು, ಅವರದೇ ಮಾನ ಮರ್ಯಾದೆ. ಜನ ಮೆಚ್ಚಿದರು, ನಾಟಕ ಕಂಪನಿಗಳು ಅದನ್ನು ಊರೂರಿಗೆ ಒಯ್ದವು. ಮಾಫಿಯಾದವನು ಒರಟ, ಆದರೆ ಮಾತಿಗೆ ತಪ್ಪದವನು ಎಂಬ ಭಾವನೆ ಅವನನ್ನು ಕಣ್ಣಾರೆ ಕಾಣದವರ ಮನಸ್ಸಿನಲ್ಲೂ ಬೇರುಬಿಡತೊಡಗಿತು.

ಅದೇ ಕಾಲದಲ್ಲಿ ಪಲೆರ್ಮೊ ಸುತ್ತಲಿನ ನಿಂಬೆ ತೋಟಗಳಲ್ಲಿ ನಡೆಯುತ್ತಿದ್ದುದೇ ಬೇರೆ. ಅಲ್ಲಿನ ನಿಂಬೆ ಹಡಗೇರಿ ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಗುತ್ತಿತ್ತು. ಕೈತುಂಬ ಹಣ ತರುವ ಬೆಳೆ. ಆದರೆ ಅದಕ್ಕೆ ತಪ್ಪದೆ ನೀರು ಬೇಕು, ಗೋಡೆ ಬೇಕು, ಕಾವಲು ಬೇಕು. ಕಾವಲು ಯಾರ ಕೈಲಿದೆಯೋ ತೋಟ ಅವರದು. 1872ರಲ್ಲಿ ಗಾಲಾತಿ ಎಂಬ ಶಸ್ತ್ರವೈದ್ಯರ ಸುಪರ್ದಿಗೆ ಅಂಥದೊಂದು ತೋಟ ಬಂತು. ಮಾಫಿಯಾಕ್ಕೆ ಸೇರಿದ ಕಾವಲುಗಾರನೇ ಫಸಲಿನ ಹಣದಲ್ಲಿ ಐದನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ನುಂಗುತ್ತಿದ್ದ. ನೀರೆತ್ತುವ ಯಂತ್ರದ ಕಲ್ಲಿದ್ದಲನ್ನೂ ಬಿಡುತ್ತಿರಲಿಲ್ಲ. ವೈದ್ಯರು ಅವನನ್ನು ಕೆಲಸದಿಂದ ತೆಗೆದು ಬೇರೊಬ್ಬನನ್ನು ಇಟ್ಟುಕೊಂಡರು. 1874ರಲ್ಲಿ ಆ ಹೊಸ ಕಾವಲುಗಾರನ ಮೇಲೆ ಗುಂಡು ಹಾರಿತು. ಆಮೇಲೆ ವೈದ್ಯರಿಗೇ ಬೆದರಿಕೆ ಪತ್ರಗಳು. ಪೊಲೀಸರು ನೆರವಿಗೆ ಬರಲಿಲ್ಲ. ಕೊನೆಗೆ ಗಾಲಾತಿ ಸಂಸಾರ ಸಮೇತ ನೇಪಲ್ಸ್‌ಗೆ ಓಡಿಹೋದರು. ನಡೆದದ್ದನ್ನೆಲ್ಲ ಬರೆದು 1875ರಲ್ಲಿ ಗೃಹ ಮಂತ್ರಿಗೆ ಕಳಿಸಿದರು. ಜೈಲಿನ ನಾಯಕನಿಗೆ ಸಿಕ್ಕ ಚಪ್ಪಾಳೆ ಈ ವೈದ್ಯರಿಗೆ ಸಿಗಲಿಲ್ಲ.

ಪಾತಕಿಗಳ ಗುಂಪುಗಳನ್ನು ಕುರಿತ ಕಥೆ, ಸಿನಿಮಾಗಳನ್ನು ನೋಡುವಾಗಲೆಲ್ಲ ನನ್ನನ್ನು ಕಾಡುವುದು ಇದೇ. ಡಾನ್ ಇರುತ್ತಾನೆ, ಅವನ ತಾಯಿ ಇರುತ್ತಾಳೆ, ಅವನ ಬಲಗೈ ಬಂಟ ಇರುತ್ತಾನೆ. ಹಣ ಎಲ್ಲಿಂದ ಬಂತು? ಅದನ್ನು ಕೊಟ್ಟವನು ಎಲ್ಲಿ?

ಜಪಾನಿಗೆ ಹೋಗೋಣ. ಶಿಮಿಝು ಬಂದರಿನ ಜಿರೋಚೊ 1820ರಲ್ಲಿ ಹುಟ್ಟಿದವನು, ಜೂಜುಕೋರರ ಮುಖಂಡ. 1868ರ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸೈನಿಕರ ಹೆಣಗಳು ಬಂದರಿನ ನೀರಿನಲ್ಲಿ ತೇಲುತ್ತಿದ್ದವು. ಹೊಸ ಸರ್ಕಾರಕ್ಕೆ ಹೆದರಿ ಜನ ಹತ್ತಿರ ಹೋಗಲಿಲ್ಲ. ಜಿರೋಚೊ ಅವನ್ನು ಮೇಲೆತ್ತಿಸಿ ಮಣ್ಣು ಮಾಡಿಸಿದ. ಅದು ದೊಡ್ಡ ಮನಸ್ಸಿನ ಕೆಲಸವೇ, ಒಪ್ಪಬೇಕು. ಆದರೆ ಆ ಒಂದು ಕೆಲಸದ ಸುತ್ತ ಬೆಳೆದ ಕಥೆಗೆ ಮಿತಿಯೇ ಇಲ್ಲ. 1884ರಲ್ಲಿ ಅವನು ಬದುಕಿರುವಾಗಲೇ ಅವನ ಚರಿತ್ರೆ ಪುಸ್ತಕವಾಯಿತು. ಬರೆದವನು ಒಂದು ಕಾಲಕ್ಕೆ ಅವನ ದತ್ತುಮಗನಾಗಿದ್ದವನು. ಆಮೇಲೆ ಅದನ್ನು ಮನೆಮನೆಗೆ ಮುಟ್ಟಿಸಿದ್ದು ರೇಡಿಯೋ. ನಮ್ಮ ಹರಿಕಥೆಯ ಹಾಗೆ ಮಾತು, ಹಾಡು, ವಾದ್ಯ ಸೇರಿಸಿ ಕಥೆ ಹೇಳುವ ಕಲೆ ಅಲ್ಲಿದೆ. ಹಿರೊಸಾವಾ ತೊರಾಝೊ ಎಂಬ ಕಲಾವಿದ ಜಿರೋಚೊ ಕಥೆಯನ್ನು ರೇಡಿಯೋದಲ್ಲಿ ಹೇಳತೊಡಗಿದ ಮೇಲೆ ಜೂಜುಕೋರ ಇಡೀ ದೇಶಕ್ಕೆ ಧೀರನಾದ.

1960ರ ದಶಕದಲ್ಲಿ ತೋಯೆಯಿ ಸ್ಟುಡಿಯೊ ಇಂಥ ಧೀರನಿಗೆ ತಾಕಾಕುರಾ ಕೆನ್ ಎಂಬ ನಟನ ಮುಖ ಕೊಟ್ಟಿತು. ಅವಮಾನಗಳನ್ನೆಲ್ಲ ಸಹಿಸಿ ಸಹಿಸಿ, ಕೊನೆಯ ದೃಶ್ಯದಲ್ಲಿ ಖಡ್ಗ ಹಿಡಿದು ಒಬ್ಬನೇ ಹೊರಡುವ ನಾಯಕ. 1963ರಲ್ಲಿ ಯಾಕುಝಾ ಎಂಬ ಪಾತಕಿ ಗುಂಪುಗಳಲ್ಲಿ ಸುಮಾರು 1,84,000 ಮಂದಿ ಇದ್ದರೆಂಬುದು ಅಲ್ಲಿನ ಪೊಲೀಸರ ಲೆಕ್ಕ. ಅಷ್ಟೊಂದು ಮಂದಿಯ ಊಟ, ಬಟ್ಟೆ, ಕಾರು ಯಾರ ಜೇಬಿನಿಂದ ಬಂತೆಂದು ಆ ಚಿತ್ರಗಳು ಕೇಳಲಿಲ್ಲ. 1973ರಲ್ಲಿ ಫುಕಾಸಾಕು ಕಿಂಜಿ ಎಂಬ ನಿರ್ದೇಶಕ ಹಿರೋಶಿಮಾದ ನಿಜವಾದ ಗ್ಯಾಂಗ್ ಕಾಳಗಗಳನ್ನು ತೆರೆಗೆ ತಂದು, ಅಲ್ಲಿ ಮರ್ಯಾದೆಯೂ ಇಲ್ಲ, ನಿಷ್ಠೆಯೂ ಇಲ್ಲ ಎಂದು ಬಿಚ್ಚಿಟ್ಟ.

ಇನ್ನು 'ಗಾಡ್‌ಫಾದರ್'. 1969ರಲ್ಲಿ ಕಾದಂಬರಿ, 1972ರಲ್ಲಿ ಸಿನಿಮಾ. ಅದನ್ನು ಬರೆದ ಮಾರಿಯೋ ಪೂಜೊ ತಾನು ಒಬ್ಬ ನಿಜವಾದ ಗ್ಯಾಂಗ್‌ಸ್ಟರ್‌ನನ್ನೂ ಭೇಟಿಯಾಗದೆ ಬರೆದೆನೆಂದು ಹೇಳಿಕೊಂಡಿದ್ದಾರೆ. ಡಾನ್ ಬಾಯಿ ತೆರೆದಾಗಲೆಲ್ಲ ತನಗೆ ಕೇಳಿಸುತ್ತಿದ್ದುದು ತನ್ನ ತಾಯಿಯ ದನಿ ಎಂದೂ ಹೇಳಿದ್ದಾರೆ. ಯೋಚಿಸಿ. ವಲಸೆ ಬಂದು ಬಡತನದಲ್ಲಿ ಮಕ್ಕಳನ್ನು ಸಾಕಿದ ಒಬ್ಬ ತಾಯಿಯ ಗಟ್ಟಿತನ, ವಿವೇಕ, ಅಕ್ಕರೆ ಎಲ್ಲವೂ ಒಬ್ಬ ಕೊಲೆಗಡುಕನ ಪಾಲಾಯಿತು! ಆ ಕೃತಿಯ ಸೆಳೆತ ಇರುವುದೂ ಅಲ್ಲೇ. ಚಿತ್ರ ಅದ್ಭುತವಾದದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದು ಕೆಟ್ಟದಾಗಿದ್ದರೆ ಇಷ್ಟು ಹಾನಿಯೂ ಆಗುತ್ತಿರಲಿಲ್ಲ.

ಪಾತಕಿಗಳೇ ಆ ಚಿತ್ರವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದರು. ಹತ್ತೊಂಬತ್ತು ಕೊಲೆಗಳಲ್ಲಿ ಕೈ ಇದ್ದದ್ದನ್ನು ಒಪ್ಪಿಕೊಂಡ ನ್ಯೂಯಾರ್ಕಿನ ಗ್ರವಾನೊ, ಅದನ್ನು ನೋಡಿ ತಾನು ಬೆರಗಾಗಿ ಹೊರಬಂದದ್ದನ್ನು ನೆನೆದಿದ್ದಾನೆ. ನೇಪಲ್ಸ್ ಕಡೆಯ ಕಮೋರಾ ಗುಂಪಿನ ಸ್ಕಿಯಾವೋನೆ ಸೋದರರಲ್ಲಿ ಒಬ್ಬ 'ಸ್ಕಾರ್‌ಫೇಸ್' ಚಿತ್ರದ ನಾಯಕನ ಬಂಗಲೆಯಂಥದೇ ಬಂಗಲೆ ಕಟ್ಟಿಸಿದ. ಇನ್ನೊಬ್ಬನ ಅಡ್ಡಹೆಸರು 'ಸಾಂದೋಕಾನ್'. 1976ರಲ್ಲಿ ಇಟಲಿಯ ಟೀವಿಯಲ್ಲಿ ಮನೆಮಾತಾದ ಆ ಕಡಲುಗಳ್ಳ ನಾಯಕನ ಪಾತ್ರ ಮಾಡಿದವರು ನಮ್ಮ ಕಬೀರ್ ಬೇಡಿ! ಕಥೆ ಪಾತಕಿಗಳನ್ನು ನೋಡಿ ಹುಟ್ಟಿತು. ಅವರು ಕಥೆ ನೋಡಿ ಬದುಕಿದರು.

ಕಥೆಯನ್ನು ತಿರುಗಿಸಿ ಹೇಳಿದವರ ಪಾಡು? 1992ರ ಮೇ ತಿಂಗಳಲ್ಲಿ ಇತಾಮಿ ಜೂಝೊ ಅವರ 'ಮಿನ್ಬೊ' ಬಿಡುಗಡೆಯಾಯಿತು. ಹೋಟೆಲೊಂದನ್ನು ಬೆದರಿಸಿ ಸುಲಿಯುವ ಯಾಕುಝಾಗಳು, ಅವರಿಗೆ ಕಾನೂನು ತೋರಿಸಿ ಎದುರು ನಿಲ್ಲುವ ಒಬ್ಬ ವಕೀಲೆ. ಆರು ದಿನಕ್ಕೆ ಐದು ಜನ ಬಂದು ನಿರ್ದೇಶಕರ ಮುಖ ಕೊಯ್ದರು. ಅದರ ಮರುದಿನ, ಮೇ 23ರಂದು, ಸಿಸಿಲಿಯ ಕಪಾಚಿ ಬಳಿ ಮಾಫಿಯಾದವರು ಹೆದ್ದಾರಿಯಡಿ ಮದ್ದು ಸಿಡಿಸಿ, ತಮ್ಮನ್ನು ಎದುರಿಸಿದ್ದ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ, ಅವರ ಪತ್ನಿ ಮತ್ತು ಮೂವರು ಅಂಗರಕ್ಷಕರನ್ನು ಕೊಂದರು. ಹೆಂಗಸರು, ಮಕ್ಕಳನ್ನು ಮುಟ್ಟದ ವೀರರು ಎಂಬ ಮಾತನ್ನು ಇನ್ನೂ ನಂಬುವವರು ಇದ್ದರೆ, ಮಾಫಿಯಾ ವಿರುದ್ಧ ಸಾಕ್ಷಿ ಹೇಳಿದವನ ಹನ್ನೆರಡು ವರ್ಷದ ಮಗನನ್ನು ಅವರು 1993ರಲ್ಲಿ ಅಪಹರಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಕೂಡಿಹಾಕಿ, ಕತ್ತು ಹಿಸುಕಿ ಕೊಂದದ್ದನ್ನು ತಿಳಿಯಬೇಕು.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1995ರ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ತೆರೆಯ ಮೇಲೆ ಬಂದರು. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಆಧರಿಸಿ 2007ರಲ್ಲಿ ಬಂದ 'ಆ ದಿನಗಳು' ಆ ಲೋಕದೊಳಗಿನ ಭಯ, ಸಂಚುಗಳನ್ನು ಹೆಚ್ಚು ಹತ್ತಿರದಿಂದ ತೋರಿಸಿತು. ಆಮೇಲೆ ಲಾಂಗು ಮಚ್ಚು ಹಿಡಿದ ನಾಯಕರು ಎಷ್ಟೋ ಮಂದಿ ಬಂದರು. ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ನಿಲ್ಲಿಸಿ ದಿನದ ಸಂಪಾದನೆಯಲ್ಲಿ ಹಫ್ತಾ ಎಣಿಸಿಕೊಡುವವನೇ ನಾಯಕನಾದ ಚಿತ್ರಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

ಅಂಥ ಕಥೆ ಜನ ನೋಡುವುದಿಲ್ಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಲೆರ್ಮೊ ಹತ್ತಿರದ ಚಿನೀಸಿ ಎಂಬ ಊರಿನಲ್ಲಿ ಪೆಪ್ಪೀನೊ ಇಂಪಾಸ್ತಾತೊ ಎಂಬ ಯುವಕನಿದ್ದ. ಮಾಫಿಯಾ ಮನೆತನದಲ್ಲೇ ಹುಟ್ಟಿದವನು. 1977ರಲ್ಲಿ ಗೆಳೆಯರೊಡನೆ 'ರೇಡಿಯೋ ಔತ್' ಎಂಬ ಪುಟ್ಟ ಕೇಂದ್ರ ತೆರೆದು, ಊರಿನ ಡಾನ್ ಬದಲಾಮೆಂತಿಯನ್ನು ಗೇಲಿ ಮಾಡುತ್ತ, ಅವನ ದಂಧೆಗಳನ್ನು ಬಯಲಿಗೆಳೆಯತೊಡಗಿದ. ಜಪಾನಿನಲ್ಲಿ ಡಾನ್‌ನನ್ನು ಬೆಳೆಸಿದ ಅದೇ ರೇಡಿಯೋ ಇಲ್ಲಿ ಅವನ ದೊಡ್ಡಸ್ತಿಕೆಯನ್ನು ಕಳಚಿತು. 1978ರ ಮೇ 9ರಂದು ಪೆಪ್ಪೀನೊ ಹೆಣ ರೈಲು ಹಳಿಯ ಮೇಲೆ ಛಿದ್ರವಾಗಿ ಸಿಕ್ಕಿತು. ಬಾಂಬ್ ಇಡಲು ಹೋಗಿ ಸತ್ತನೆಂದರು ಪೊಲೀಸರು. ತಾಯಿ ಫೆಲಿಚಾ ಅದನ್ನು ಒಪ್ಪಲಿಲ್ಲ. ಗಂಡನ ಬಂಧುಬಳಗವನ್ನೆಲ್ಲ ಎದುರುಹಾಕಿಕೊಂಡು ನ್ಯಾಯ ಕೇಳಿದಳು. 2000ರಲ್ಲಿ ಬಂದ 'ಇ ಚೆಂತೊ ಪಾಸ್ಸಿ' ಚಿತ್ರ ಅವನ ಕಥೆ ಹೇಳಿತು. ಅದರಲ್ಲೂ ಡಾನ್ ಇದ್ದಾನೆ, ಆದರೆ ಕಥೆ ಅವನದಲ್ಲ. ಇಟಲಿಯ ಜನ ಅದನ್ನು ನೋಡಿದರು, ಮೆಚ್ಚಿದರು. 2002ರಲ್ಲಿ ನ್ಯಾಯಾಲಯ ಬದಲಾಮೆಂತಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಫೆಲಿಚಾ ಆ ತೀರ್ಪನ್ನು ಕೇಳಲು ಬದುಕಿದ್ದಳು.