ಇಮೇಲಿನ ಖಾಲಿ ಚೌಕ

ಬೆಸೆಂಟ್ ನಗರದಲ್ಲಿ ಸಂಜೆ ಹೊತ್ತು ಎಲಿಯಟ್ಸ್ ಬೀಚಿನ ಗಾಳಿ ಬಿಟ್ಟು ನನ್ನ ಮಾತು ಕೇಳಲು ಬಂದಿದ್ದೀರಿ. ಹಾಗಾಗಿ ಚಿಕ್ಕದಾಗಿ, ಉಪಯೋಗಕ್ಕೆ ಬರುವುದನ್ನಷ್ಟೇ ಹೇಳುತ್ತೇನೆ.

ಕಳೆದ ವರ್ಷ ನನಗೊಂದು ಇಮೇಲ್ ಬಂತು. ಮೇಲೆ ನನ್ನ ಬ್ಯಾಂಕಿನ ಹೆಸರು; ಒಳಗೆ ಬರೀ ಖಾಲಿ ಚೌಕ, ಜೊತೆಗೆ ಚಿತ್ರ ತೋರಿಸಲೇ ಎಂಬ ಪ್ರಶ್ನೆ. ನೆಟ್ ನಿಧಾನವಿರಬೇಕು ಅಂದುಕೊಂಡು ಒತ್ತಿಬಿಟ್ಟೆ. ಬ್ಯಾಂಕಿನ ಲಾಂಛನ ಕಾಣಿಸಿತು. ಕೆಳಗೆ ಕೆಂಪಕ್ಷರದಲ್ಲಿ, ಇಂದೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್ ಎಂದಿತ್ತು. ಪಿಂಚಣಿ ಬರುವ ಖಾತೆ, ಎದೆ ಧಸಕ್ಕೆಂದಿತು. ಚಿತ್ರವನ್ನು ಒತ್ತಿ, ತೆರೆದ ಪುಟದಲ್ಲಿ ಪಾಸ್‌ವರ್ಡ್ ಬರೆಯಲು ಹೊರಟಿದ್ದೆ. "ಅಮ್ಮಾ, ನಿಲ್ಲು!" ಎಂದು ಮಗಳು ಕೈ ಹಿಡಿದಳು. ಹಣವೇನೋ ಉಳಿಯಿತು. ಆದರೆ ಮರುದಿನದಿಂದ ಅಂಥ ಮೇಲ್‌ಗಳ ಸುರಿಮಳೆ. ಯಾಕೆ ಹೀಗೆ ಎಂದು ಮಗಳನ್ನು ಕೂರಿಸಿಕೊಂಡು ತಿಳಿದುಕೊಂಡೆ.

ಇಮೇಲಿನಲ್ಲಿ ಚಿತ್ರ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಲಕೋಟೆಯೊಳಗೆ ಫೋಟೊ ಇಟ್ಟ ಹಾಗೆ ಪತ್ರದ ಜೊತೆಗೇ ಬರುವುದು. ಇನ್ನೊಂದರಲ್ಲಿ ಚಿತ್ರ ಇರುವ ಜಾಗದ ವಿಳಾಸ ಮಾತ್ರ ಇರುತ್ತದೆ. ನಾವು ಪತ್ರ ತೆರೆದಾಗ ಅಲ್ಲಿಂದ ತರಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ವಿಳಾಸ ಬರೆದು ಕಳಿಸಿದ್ದರೆ, ಯಾರು ಪತ್ರ ತೆರೆದರು, ಎಷ್ಟು ಗಂಟೆಗೆ, ಯಾವ ಐಪಿ ವಿಳಾಸದಿಂದ ಎಂಬುದೆಲ್ಲ ಕಳಿಸಿದವನಿಗೆ ಗೊತ್ತಾಗುತ್ತದೆ. ಚಿತ್ರ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಸಾಸಿವೆಗಿಂತ ಚಿಕ್ಕ ಚುಕ್ಕೆಯೊಂದು ಸಾಕು. ನಾನು ಗುಂಡಿ ಒತ್ತಿ, ಈ ಮನೆಯಲ್ಲಿ ಜನ ಇದ್ದಾರೆ ಎಂದು ನಾನೇ ಕೂಗಿ ಹೇಳಿದ ಹಾಗಾಗಿತ್ತು.

ಅಂದರೆ ಆ ಖಾಲಿ ಚೌಕ ದೋಷವಲ್ಲ, ಕಾವಲು. ಔಟ್‌ಲುಕ್ 2003ರ ಆವೃತ್ತಿಯಿಂದಲೇ ಹೊರಗಿನ ಚಿತ್ರಗಳನ್ನು ತಡೆಹಿಡಿದು ನಮ್ಮನ್ನು ಕೇಳುತ್ತಿತ್ತು. ಥಂಡರ್‌ಬರ್ಡ್ ಕೂಡ ಹಾಗೇ. ಜಿಮೇಲ್ 2013ರ ಡಿಸೆಂಬರಿನಲ್ಲಿ ಬೇರೆ ದಾರಿ ಹಿಡಿಯಿತು: ಚಿತ್ರವನ್ನು ತನ್ನ ಸರ್ವರ್ ಮೂಲಕ ತರಿಸಿ ತೋರಿಸುತ್ತದೆ. ನಮ್ಮ ಬದಲು ಫ್ಲ್ಯಾಟಿನ ವಾಚ್‌ಮನ್ ಅಂಗಡಿಗೆ ಹೋಗಿಬಂದ ಹಾಗೆ. ನಮ್ಮ ಐಪಿ ವಿಳಾಸ ಅಂಗಡಿಯವನಿಗೆ ತಿಳಿಯದು; ಪತ್ರ ತೆರೆದದ್ದು ಮಾತ್ರ ತಿಳಿಯಬಹುದು. 2021ರಲ್ಲಿ ಆಪಲ್ ಮೇಲ್ ತಂದ ವ್ಯವಸ್ಥೆಯನ್ನು ಆರಿಸಿಕೊಂಡರೆ, ನಾವು ಪತ್ರ ತೆರೆಯಲಿ ಬಿಡಲಿ, ಅದು ಚಿತ್ರಗಳನ್ನು ತರಿಸಿಡುತ್ತದೆ. ಕಳಿಸಿದವನ ಲೆಕ್ಕವೇ ತಪ್ಪಿಹೋಗುತ್ತದೆ.

ಲಕೋಟೆಯೊಳಗಿನ ಚಿತ್ರ ಯಾರಿಗೂ ಸುದ್ದಿ ಮುಟ್ಟಿಸುವುದಿಲ್ಲ. ಆದರೆ ಅದರದು ಇನ್ನೊಂದು ಮೋಸ. ಸ್ಪ್ಯಾಮ್ ಸೋಸುವ ಜರಡಿ ಪದಗಳನ್ನು ಓದುತ್ತದೆ; ಹೇಳುವುದನ್ನೆಲ್ಲ ಚಿತ್ರವಾಗಿ ಮಾಡಿದರೆ ಓದಲು ಪದವೇ ಇಲ್ಲ. 2006-07ರ ಸುಮಾರಿಗೆ, ಈ ಷೇರು ಕೊಳ್ಳಿ ಎನ್ನುವ ಚಿತ್ರದ ಮೇಲ್‌ಗಳು ಹೀಗೇ ಜಗತ್ತಿನ ತುಂಬ ಹರಿದಾಡಿದವು. ಜರಡಿಗಳು ಚಿತ್ರದೊಳಗಿನ ಅಕ್ಷರ ಓದಲು ಕಲಿತವು. ಮೋಸಗಾರರು ಅಡ್ಡಗೆರೆ, ಚುಕ್ಕೆ ಸೇರಿಸಿ ಅಕ್ಷರಗಳನ್ನೇ ಕೆಡಿಸಿದರು. ಈಗ ಕ್ಯೂಆರ್ ಕೋಡಿನ ಚಿತ್ರ ಕಳಿಸುತ್ತಾರೆ.

ಹಾಗಾಗಿ ಮೂರು ಮಾತು. ಗುರುತಿಲ್ಲದ ಮೇಲ್‌ನಲ್ಲಿ, ಸ್ಪ್ಯಾಮ್ ಪೆಟ್ಟಿಗೆಯಲ್ಲಂತೂ, ಚಿತ್ರ ತೋರಿಸು ಎಂದು ಒತ್ತಬೇಡಿ. ಲಾಂಛನ ಯಾರು ಬೇಕಾದರೂ ನಕಲು ಮಾಡಬಹುದು. ಅನುಮಾನ ಬಂದರೆ ಕಾರ್ಡಿನ ಹಿಂದಿರುವ ನಂಬರಿಗೇ ಫೋನ್ ಮಾಡಿ. ಅಕಸ್ಮಾತ್ ಹಣ ಹೋದರೆ, ನಾಚಿಕೆಪಟ್ಟು ಸುಮ್ಮನೆ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಎನ್ನುವ ಆಯ್ಕೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಕಾಫಿ ಆದಮೇಲೆ ಫೋನ್ ತನ್ನಿ, ಒಟ್ಟಿಗೆ ಕೂತು ಹಾಕಿಕೊಳ್ಳೋಣ. ಕನ್ನಡಕ ಮರೆಯಬೇಡಿ!