ವಿಶ್ವೇಶ್ವರಯ್ಯನವರ ಆತ್ಮಶಿಕ್ಷಣ



ಬೆಂಗಳೂರಿನ ಪಶ್ಚಿಮಕ್ಕಿರುವ ಲಗ್ಗೆರೆಯು ಹಿಂದೆ ಒಂದು ಹಳ್ಳಿಯಾಗಿದ್ದಿತು. ಈಗ ಅದು ನಗರದಲ್ಲಿ ಸೇರಿಹೋಗಿ, ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ ದುಡಿಯುವ ಜನರಿಗೆ ವಸತಿಯಾಗಿದೆ. ಅಲ್ಲಿ ವಾಸಮಾಡುತ್ತ, ಹಗಲೆಲ್ಲ ಲೇತ್ ಯಂತ್ರದ ಮುಂದೆ ನಿಂತು, ಸಂಜೆ ನನ್ನ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳಿದನು. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಶಿಸ್ತನ್ನು ಕುರಿತು ನಾನು ಆಗತಾನೇ ಮಾತು ಮುಗಿಸಿದ್ದೆನು. “ಸ್ವಾಮಿ, ಹೊತ್ತು ತನ್ನದಾಗಿರುವವನು ಹೊತ್ತಿನ ಲೆಕ್ಕವಿಡಬಹುದು. ನನ್ನ ಹೊತ್ತು ಮಾಲೀಕರದು. ನಾನು ಯಾವುದರ ಲೆಕ್ಕವಿಡಲಿ?” ಎಂದನು. ಅಂದು ನನಗೆ ಉತ್ತರ ತೋಚಲಿಲ್ಲ. ಇಂದು ಅದನ್ನು ಹುಡುಕಲು ಯತ್ನಿಸುತ್ತೇನೆ.

ಆತ್ಮಸುಧಾರಣೆಯ ಕ್ರಮಗಳಲ್ಲಿ ಲೋಕಪ್ರಸಿದ್ಧವಾದುದು ಅಮೆರಿಕದ ರಾಜನೀತಿಜ್ಞನಾದ ಬೆಂಜಮಿನ್ ಫ್ರಾಂಕ್ಲಿನ್ನನದು (೧೭೦೬–೧೭೯೦). ಹದಿಮೂರು ಗುಣಗಳನ್ನು ಪಟ್ಟಿಮಾಡಿ, ವಾರಕ್ಕೊಂದರಂತೆ ಸಾಧಿಸುತ್ತ, ತಪ್ಪಿದಾಗಲೆಲ್ಲ ಅವನು ಪುಸ್ತಕದಲ್ಲಿ ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ಆದರೆ ಕ್ರಮಬದ್ಧತೆಯೆಂಬ ಗುಣವನ್ನು ಸಾಧಿಸುವುದು ತನಗೆ ಬಹು ಕಷ್ಟವಾಯಿತೆಂದು ಅವನೇ ಒಪ್ಪಿಕೊಂಡಿದ್ದಾನೆ. ಅವನನ್ನು ಅಷ್ಟು ಕಾಡಿಸಿದ ಆ ಗುಣವೇ ನಮ್ಮ ವಿಶ್ವೇಶ್ವರಯ್ಯನವರಿಗೆ ಉಸಿರಾಗಿದ್ದಿತು.

ಹೇಳಿದ ಗಳಿಗೆಗೆ ಹಾಜರಾಗುವುದು, ಮಿತವಾಗಿ ಉಣ್ಣುವುದು, ಅಚ್ಚುಕಟ್ಟಾಗಿ ಉಡುವುದು, ಮುಂದಾಗಿ ಯೋಚಿಸಿ ಕೆಲಸಕ್ಕೆ ಕೈಹಾಕುವುದು: ಇವೇ ಅವರ ಸಾಧನೆ. ೧೮೯೮ರಲ್ಲಿ ಜಪಾನಿಗೆ ಹೋದಾಗ ಅವರು ಆ ದೇಶದ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಂಡು ಬಂದರು. ವ್ಯಕ್ತಿಗೆ ಹೇಗೋ ದೇಶಕ್ಕೂ ಹಾಗೆಯೇ ಯೋಜನೆ ಬೇಕೆಂಬುದು ಅವರ ನಂಬಿಕೆ. ೧೯೩೪ರಲ್ಲಿ ಭಾರತದ ಯೋಜಿತ ಆರ್ಥಿಕತೆಯನ್ನು ಕುರಿತು ಗ್ರಂಥವನ್ನೇ ಬರೆದರು. ೧೯೬೨ರಲ್ಲಿ ಶತಾಯುಷಿಗಳಾಗಿ ತೀರಿಕೊಂಡರು.

ಇವರ ಹೊತ್ತಾದರೂ ಮೊದಲಿನಿಂದ ಇವರದಾಗಿದ್ದಿತೇ? ಇಲ್ಲ. ಮುದ್ದೇನಹಳ್ಳಿಯ ಈ ಬಾಲಕನು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಪರರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆಯಬೇಕಾಯಿತು. ಹೀಗೆ ಮಾರಿಕೊಂಡ ಹೊತ್ತಿನ ನಡುವೆ ಉಳಿದ ಹೊತ್ತಿನಲ್ಲಿ ಓದಿ ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಆದುದರಿಂದ ನನ್ನ ವಿದ್ಯಾರ್ಥಿಗೆ ಹೇಳುವೆನು: ಉಳಿದುದು ಒಂದೇ ಗಂಟೆಯಾದರೂ ಅದು ನಿನ್ನದು, ಅದರ ಲೆಕ್ಕವಿಡು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿಯಲು ಅವರಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ೧೮೮೩ರ ಪರೀಕ್ಷೆಯಲ್ಲಿ ಪ್ರಥಮರಾದುದು ಅವರ ಶ್ರಮ. ಪರೀಕ್ಷೆಯ ಬಾಗಿಲು ತೆರೆದುದು ಸಂಸ್ಥಾನದ ಔದಾರ್ಯ. ಒಂದಿಲ್ಲದೆ ಇನ್ನೊಂದು ಫಲಿಸುತ್ತಿರಲಿಲ್ಲ.

ಈ ಎರಡನೆಯ ಮಾತಿನ ತೂಕವನ್ನು ಅವರು ಎಂದಿಗೂ ಪೂರ್ತಿ ಮನಗಂಡಿದ್ದರೆಂದು ಹೇಳಲಾರೆ. ೧೯೧೨ರಿಂದ ದಿವಾನರಾಗಿದ್ದ ಅವರು ೧೯೧೬ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಕಾರಣರಾದರು. ಆದರೆ ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ಸಮಾಜಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ದೊರಕಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ದಕ್ಷತೆಗೆ ಕುಂದುಂಟಾದೀತೆಂದು ದಿವಾನರು ಒಪ್ಪದೆ ಅಧಿಕಾರವನ್ನು ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೂ ಬಾಗಿಲು ಎಲ್ಲರಿಗೂ ಒಂದೇ ಅಳತೆಯಲ್ಲಿ ತೆರೆದಿರಲಿಲ್ಲವೆಂಬ ಮಹಾರಾಜರ ನೋಟವೇ ದೊಡ್ಡದೆಂದು ನನಗೆ ತೋರುತ್ತದೆ.

ಮುಂದೆ ವಿಶ್ವೇಶ್ವರಯ್ಯನವರೂ ಒಂದು ಬಾಗಿಲನ್ನು ತೆರೆದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಾವು ಇಟ್ಟುಕೊಳ್ಳದೆ, ಯುವಕರಿಗೆ ಕೈಕಸಬು ಕಲಿಸಲು ವಿನಿಯೋಗಿಸುವಂತೆ ಕೋರಿದರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ಹೀಗೆ ಮೊದಲಾಯಿತು.

ಲಗ್ಗೆರೆಯ ಆ ಯುವಕನಿಗೆ ಕೊಡಬೇಕಾದ ಉತ್ತರದಲ್ಲಿ ಎರಡು ಪಾಲುಗಳಿವೆ. ತನಗುಳಿದ ಗಂಟೆಯ ಲೆಕ್ಕ ಅವನದು. ಆ ಗಂಟೆಯು ವ್ಯರ್ಥವಾಗದಂತೆ ಶಾಲೆಯನ್ನೂ ವೇತನವನ್ನೂ ಅವಕಾಶವನ್ನೂ ಒದಗಿಸುವ ಲೆಕ್ಕ ನಮ್ಮದು. ಮೊದಲನೆಯ ಲೆಕ್ಕವನ್ನು ಅವನು ತಪ್ಪದೆ ಇಡುತ್ತಿದ್ದಾನೆಂಬುದನ್ನು ಸಂಜೆಯ ತರಗತಿಯಲ್ಲಿ ನಾನು ನೋಡುತ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ಕಪ್ಪು ಚುಕ್ಕೆಗಳೆಷ್ಟಿವೆಯೆಂಬುದನ್ನು ನಾವೇ ಎಣಿಸಿಕೊಳ್ಳಬೇಕು.